ಅಸ್ಸಾಮಿ, ಡಚ್ ಮತ್ತು ನಡುವೆ ಕೂತ ನಾನು

ಹೋದ ಸೋಮವಾರ ಮಧ್ಯಾಹ್ನ ಹಾಲು ಒಡೆಯಿತು. ಒಬ್ಬನೇ ಇರುವ ಮನೆಯಲ್ಲಿ ಹಾಲು ಒಡೆಯುವುದು ದೊಡ್ಡ ಸುದ್ದಿಯೇನಲ್ಲ. ಹೇಳಿಕೊಳ್ಳಲು ಯಾರಾದರೂ ಇದ್ದರೆ ತಾನೇ ಅದು ಸುದ್ದಿಯಾಗುವುದು. ಪಾತ್ರೆಯನ್ನು ಬೈದೆ, ನಿಪ್ಪಾಣಿಯ ಬಿಸಿಲನ್ನು ಬೈದೆ, ಹಾಲು ಹಾಕುವವನ ಎಮ್ಮೆಯನ್ನೂ ಬಿಡಲಿಲ್ಲ. ಮೆಟ್ಟಿಲಿಳಿದು ಅಂಗಡಿಗೆ ಹೋಗಲು ಮೊಣಕಾಲು ಒಪ್ಪಲಿಲ್ಲ. ಸರಿ, ಹಾಲಿಲ್ಲದೇ ಚಹಾ ಮಾಡೋಣ ಎಂದು ನೀರಿಗಿಟ್ಟೆ. ಕುದಿಯುವ ನೀರಿಗೆ ಪುಡಿ ಬಿದ್ದ ಕೂಡಲೇ ಆ ಒಗರು ವಾಸನೆ ಎದ್ದಿತು ನೋಡಿ, ನಾನು ಗ್ಯಾಸ್ ಆರಿಸಿ ಅಲ್ಲೇ ನಿಂತುಬಿಟ್ಟೆ. ಎರಡು ವರ್ಷದಿಂದ ಆ ವಾಸನೆ ಈ ಮನೆಯಲ್ಲಿ ಎದ್ದಿರಲಿಲ್ಲ. ಏಳದಂತೆ ನಾನೇ ನೋಡಿಕೊಂಡಿದ್ದೆ.

ನಮ್ಮ ಕಡೆ ಹಾಲಿಲ್ಲದ ಚಹಾ ಕೊಟ್ಟರೆ ಬಂದವರು ಮುಖ ಮುಖ ನೋಡಿಕೊಂಡು ಎದ್ದು ಹೋಗುತ್ತಾರೆ. ಆದರೆ ಎರಡು ವರ್ಷದ ಹಿಂದೆ, ಮೂರು ತಿಂಗಳ ಕಾಲ, ವಾರಕ್ಕೆ ಮೂರು ನಾಲ್ಕು ಸಂಜೆ ನನ್ನ ಮನೆಯ ಪಡಸಾಲೆಗೆ ಇಬ್ಬರು ಬರುತ್ತಿದ್ದರು, ಇಬ್ಬರಿಗೂ ಚಹಾದಲ್ಲಿ ಹಾಲು ಬೇಡ. ಒಬ್ಬ ಹಾಲೆಂಡಿನ ಹೆಂಕ್. ಐವತ್ತೈದರ ಎತ್ತರದ ಆಳು, ಬಾಗಿಲಿಗೆ ತಲೆ ಹೊಡೆಸಿಕೊಳ್ಳದೆ ಒಂದು ದಿನವೂ ಒಳಗೆ ಬಂದವನಲ್ಲ. ಇನ್ನೊಬ್ಬ ಅಸ್ಸಾಮಿನ ಬಿಪುಲ್. ಮೂವತ್ತರ ಆಸುಪಾಸು, ಬಾಗುವ ಅಗತ್ಯವಿಲ್ಲದಿದ್ದರೂ ಬಾಗಿಯೇ ಬರುತ್ತಿದ್ದ.

ಇವರಿಬ್ಬರನ್ನು ನನಗೆ ಗಂಟು ಹಾಕಿದವನು ಬಾಳಾಸಾಹೇಬ, ನನ್ನ ಹಳೆಯ ವಿದ್ಯಾರ್ಥಿ. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ನಾನು ಅವನಿಗೆ ಹಿಂದಿ ಕಲಿಸಿದ್ದೆ, ಅವನು ಕಲಿತಿರಲಿಲ್ಲ. ಅಕ್ಕೋಳದಲ್ಲಿ ಕಬ್ಬಿನ ಹೊಲದ ಒಂದು ಮೂಲೆಯನ್ನು ಹಸನು ಮಾಡಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಪಾಲಿಹೌಸ್ ಕಟ್ಟಿಸಿದ್ದ; ಅದರೊಳಗೆ ಜರ್ಬೆರಾ ಹೂವು. ಸಸಿ ಕೊಟ್ಟ ಕಂಪನಿಯವರು ಬೆಳೆ ನಿಲ್ಲುವವರೆಗೆ ನೋಡಿಕೊಳ್ಳಲು ಹೆಂಕನನ್ನು ಕಳಿಸಿದ್ದರು. ಪುಣೆ ಕಡೆಯ ಪಾಲಿಹೌಸುಗಳಲ್ಲಿ ಕೈ ಪಳಗಿಸಿಕೊಂಡಿದ್ದ ಬಿಪುಲ ಕೆಲಸದವರಿಗೆಲ್ಲ ಮುಖ್ಯಸ್ಥ. ಹೆಂಕನಿಗೆ ಇಂಗ್ಲಿಷ್ ಬಿಟ್ಟರೆ ಇಲ್ಲಿ ನಡೆಯುವ ಭಾಷೆ ಬಾರದು. ಬಿಪುಲನಿಗೆ ಇಂಗ್ಲಿಷ್ ಬಾರದು, ಹಿಂದಿ ಬರುತ್ತದೆ. ಗಿಡಕ್ಕೆ ನೀರು ಎಷ್ಟು ಬಿಡಬೇಕೆಂಬುದೇ ಇಬ್ಬರ ನಡುವೆ ಸಿಕ್ಕಿಹಾಕಿಕೊಂಡು ಕೂತಿತ್ತು. ಆಗ ಬಾಳಾಸಾಹೇಬ ಬಂದು, “ಸರ್, ನೀವು ಹೆಂಗೂ ಖಾಲೀನ ಅದೀರಿ. ಮೂರ್ ತಿಂಗಳ ಇವರ ನಡುವ ಕುಂತು ಮಾತಾಡಸ್ರಿ” ಎಂದ.

ಖಾಲಿ ಎಂಬ ಮಾತು ನನಗೆ ನಾಟಿತು, ಆದರೆ ಅವನು ಹೇಳಿದ್ದು ಸುಳ್ಳಲ್ಲ. ನನ್ನ ಹೆಂಡತಿ ತೀರಿಕೊಂಡು ಆಗ ವರ್ಷ ದಾಟಿತ್ತು. ನಮಗೆ ಮಕ್ಕಳಿಲ್ಲ. ಮೂವತ್ನಾಲ್ಕು ವರ್ಷ ತರಗತಿಯಲ್ಲಿ ಗಂಟಲು ಹರಿದುಕೊಂಡವನು, ಮನೆಗೆ ಬಂದರೆ ಅವಳೊಡನೆ ವಾದ ಮಾಡಿಕೊಂಡು ಇದ್ದವನು, ಈಗ ಎರಡೆರಡು ದಿನ ಬಾಯಿ ತೆರೆಯದೆ ಇರುತ್ತಿದ್ದೆ. ಒಮ್ಮೆ ಕಾಯಿಪಲ್ಲೆಯವಳು ದರ ಹೇಳಿದಾಗ ಉತ್ತರ ಕೊಡಲು ಹೋದರೆ ಸ್ವರವೇ ಹೊರಡಲಿಲ್ಲ. ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಅರ್ಧ ಕಿಲೋ ಬದನೆಕಾಯಿ ಕೇಳಬೇಕಾಯಿತು. ಅದಕ್ಕೇ ಬಾಳಾಸಾಹೇಬನ ಮಾತಿಗೆ ಒಪ್ಪಿದೆ. ಉಪಕಾರ ಮಾಡುವವನ ಗತ್ತಿನಲ್ಲಿ ಒಪ್ಪಿದೆ ಅನ್ನಿ.

ಹಗಲು ಪಾಲಿಹೌಸಿನಲ್ಲಿ ನೀರು, ಗೊಬ್ಬರ, ಹುಳುವಿನ ಮಾತು. ಸಂಜೆ ನನ್ನ ಪಡಸಾಲೆಯಲ್ಲಿ ಬೇರೆಯ ಮಾತು. ಮೊದಲ ವಾರವೇ ನನಗೊಂದು ವಿಚಿತ್ರ ಕಿವಿಗೆ ಬಿತ್ತು. ಹೆಂಕ್ ತನ್ನ ಭಾಷೆಯಲ್ಲಿ ‘ಒಳ್ಳೆಯದು’ ಎನ್ನುವಾಗ ಗಂಟಲು ಕೆರೆದಂತೆ ‘ಖೂತ್’ ಎನ್ನುತ್ತಿದ್ದ. ಬಿಪುಲ ತನ್ನ ಊರಿಗೆ ಫೋನು ಮಾಡುವಾಗ ಅಸ್ಸಾಮಿಗೆ ‘ಅಖಮ್’ ಎನ್ನುತ್ತಿದ್ದ, ಸ್ವಪ್ನಕ್ಕೆ ‘ಖಪೊನ್’ ಎನ್ನುತ್ತಿದ್ದ. ಅದೇ ಗಂಟಲು, ಅದೇ ಕೆರೆತ. ನಮ್ಮ ಓಣಿಯ ಚಾಚಾ ‘ಖಬರ್’ ಎನ್ನುವಾಗ ಬರುವ ಖ ಇದೆಯಲ್ಲ, ಹೆಚ್ಚು ಕಡಿಮೆ ಅದು. ಸಾವಿರಾರು ಮೈಲು ದೂರದ ಎರಡು ಊರಿನವರ ಗಂಟಲಲ್ಲಿ ಅದೇ ಸದ್ದು ಹೇಗೆ ಬಂತು ಎಂದು ಆ ದಿನ ಊಟ ಮಾಡುವಾಗಲೂ ಯೋಚಿಸಿದೆ. ತಂಬಾಕಿನ ಘಾಟಿನಲ್ಲಿ ದಿನಕ್ಕೆ ನೂರು ಸಲ ಗಂಟಲು ಕೆರೆಯುವ ನಿಪ್ಪಾಣಿಗೆ ಇವರಿಬ್ಬರೂ ಸರಿಯಾಗಿಯೇ ಬಂದರು ಎಂದು ನಕ್ಕೆ. ಒಬ್ಬನೇ ನಕ್ಕು ಬಹಳ ದಿನವಾಗಿತ್ತು.

ಮರುದಿನ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಪುಟಕ್ಕೆ ಎರಡು ಗೆರೆ ಎಳೆದೆ. ಮಾಸ್ತರಿಕೆ ಬಿಟ್ಟರೂ ಗೆರೆ ಎಳೆಯುವ ಚಟ ಬಿಡುವುದಿಲ್ಲ. ಎಡಕ್ಕೆ ಅಸ್ಸಾಮಿ, ಬಲಕ್ಕೆ ಡಚ್, ನಡುವೆ ನನ್ನ ಕನ್ನಡ. ಇಬ್ಬರಿಗೂ ನಮ್ಮ ಟ ಬೇರೆ, ತ ಬೇರೆ ಎಂಬುದು ತಲೆಗೆ ಹೋಗಲಿಲ್ಲ. ಇಬ್ಬರೂ ಎರಡರ ನಡುವಿನ ಯಾವುದೋ ಸದ್ದಿನಲ್ಲಿ ‘ಊಟ’ ಎಂದು ಕೇಳಿ ಊಟ ಮಾಡುತ್ತಿದ್ದರು. ಅಕ್ಕೋಳದ ಕೊನೆಯ ಅಕ್ಷರ ಇಬ್ಬರ ನಾಲಗೆಗೂ ದಕ್ಕಲಿಲ್ಲ. ಹೆಂಕ್ ಎಲ್ಲವನ್ನೂ ಚಿಕ್ಕದು ಮಾಡಿ ಮಾತಾಡುತ್ತಿದ್ದ. ಅವನ ಭಾಷೆಯಲ್ಲಿ ಪದದ ಬಾಲಕ್ಕೆ ಒಂದು ಪುಟ್ಟ ಸದ್ದು ಸೇರಿಸಿದರೆ ಕಪ್ಪು ಪುಟ್ಟ ಕಪ್ಪಾಗುತ್ತದೆ, ಮನೆ ಪುಟ್ಟ ಮನೆಯಾಗುತ್ತದೆ. ಆರಡಿ ದಾಟಿದ ಮನುಷ್ಯ ನನ್ನ ಇಡೀ ಮನೆಯನ್ನು ಪುಟ್ಟದು ಮಾಡಿ ಇಡುತ್ತಿದ್ದ. ಬಿಪುಲನ ಭಾಷೆಯಲ್ಲಿ ನನ್ನ ತಾಯಿ ಎನ್ನಲು ಒಂದು ರೂಪ, ನಿನ್ನ ತಾಯಿ ಎನ್ನಲು ಒಂದು, ಅವನ ತಾಯಿ ಎನ್ನಲು ಇನ್ನೊಂದು: ಮಾ, ಮಾರಾ, ಮಾಕ್. ತಾಯಿ ಎಂದ ಕೂಡಲೇ ಯಾರ ತಾಯಿ ಎಂಬುದೂ ಗೊತ್ತಾಗಿಬಿಡುತ್ತದೆ. ಹೆಂಕನಿಗೆ ಇದು ಬಹಳ ಹಿಡಿಸಿತು; ಅವನು ತನ್ನ ತಾಯಿಯ ಫೋಟೋ ತೋರಿಸಿ ‘ಮಾ’ ಎಂದ, ಬಿಪುಲ ಅದನ್ನೇ ನನಗೆ ತೋರಿಸಿ ‘ಮಾಕ್’ ಎಂದ.

ಮರ್ಯಾದೆಯ ವಿಷಯಕ್ಕೆ ಬಂದರೆ ಬಿಪುಲನ ಬಳಿ ಮೂರು ಮೆಟ್ಟಿಲಿದ್ದವು, ತಇ, ತುಮಿ, ಆಪುನಿ. ನನ್ನನ್ನು ಅವನು ಕೊನೆಯವರೆಗೂ ಮೇಲಿನ ಮೆಟ್ಟಿಲಿನಿಂದ ಇಳಿಸಲಿಲ್ಲ. ಹೆಂಕನ ಬಳಿ ಎರಡಿದ್ದವು, ಆದರೆ ಅವನು ಮೊದಲ ದಿನವೇ ನನ್ನನ್ನು ನೀನು ಎಂದೇ ಕರೆ ಎಂದುಬಿಟ್ಟ. ನಾನು ಅವನನ್ನು ಇಲ್ಲಿ ಅವನು, ಇವನು ಎಂದು ಬರೆಯುತ್ತಿರುವುದು ಅದಕ್ಕೇ. ಸೊಕ್ಕಿನಿಂದ ಅಲ್ಲ.

ಹೀಗೆ ಪುಟ ತುಂಬುತ್ತ ಹೋದಂತೆ ನನಗೆ ಒಂದು ಸಂಗತಿ ಕಾಣತೊಡಗಿತು. ಎರಡು ಎಂಬುದಕ್ಕೆ ಬಿಪುಲ ದುಇ ಎಂದ, ಹೆಂಕ್ ತ್ವೇ ಎಂದ. ಹಲ್ಲಿಗೆ ಒಬ್ಬ ದಾಂತ್, ಇನ್ನೊಬ್ಬ ತಾಂಟ್. ಬಾಗಿಲಿಗೆ ದುವಾರ್, ಡ್ಯೋರ್. ಹೆಸರಿಗೆ ಇಬ್ಬರೂ ಒಂದೇ ಉಸಿರಿನಲ್ಲಿ ನಾಮ್ ಎಂದರು, ಹೇಳಿ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಯಾವುದೋ ಕಾಲದಲ್ಲಿ ಒಂದೇ ಮನೆಯಿಂದ ಹೊರಟ ಭಾಷೆಗಳಂತೆ ಅವು. ಓದಿದ್ದೆ, ಆದರೆ ನನ್ನ ಪಡಸಾಲೆಯಲ್ಲಿ ಕಣ್ಣಾರೆ ನೋಡಿರಲಿಲ್ಲ. ಗೋಡೆಯಾಚೆಗಿನ ಮನೆಯವರ ಮರಾಠಿಯೂ ದೋನ, ದಾತ, ದಾರ, ನಾವ ಎನ್ನುತ್ತ ಅವರ ಕಡೆಗೇ ನಿಂತಿತು. ನಡುವಿನ ಸಾಲಿನಲ್ಲಿ ನನ್ನ ಎರಡು, ಹಲ್ಲು, ಬಾಗಿಲು, ಹೆಸರು ಯಾರಿಗೂ ಸಂಬಂಧವಿಲ್ಲದೆ ಕೂತಿದ್ದವು. ಮದುವೆ ಮನೆಯಲ್ಲಿ ಗಂಡಿನ ಕಡೆಯವರೂ ಅಲ್ಲದ, ಹೆಣ್ಣಿನ ಕಡೆಯವರೂ ಅಲ್ಲದ ಒಬ್ಬ ಇರುತ್ತಾನಲ್ಲ, ಹಾಗೆ. ನನ್ನ ಊರು, ನನ್ನ ಮನೆ, ನನ್ನ ಚಹಾಪುಡಿ. ಆದರೂ ಹೊರಗಿನವನು ನಾನೇ ಎನಿಸಿತು.

ಒಂದು ಸಂಜೆ ಹೆಂಕ್ ಒಂದು ಪದ ಕೊಟ್ಟ. ನಾಲ್ಕು ಜನ ಹತ್ತಿರ ಕೂತು ಹೆಚ್ಚೇನೂ ಮಾಡದೆ ಹಿತವಾಗಿರುವುದಕ್ಕೆ ಅವರಲ್ಲಿ ‘ಖೆಝೆಲ್ಲಿಖ್’ ಎನ್ನುತ್ತಾರಂತೆ. ಇದು, ನಾವು ಈಗ ಕೂತಿರುವುದು, ಎಂದು ಬೆರಳಿನಿಂದ ಪಡಸಾಲೆಯನ್ನೆಲ್ಲ ಸುತ್ತಿ ತೋರಿಸಿದ. ಬಿಪುಲನನ್ನು ಇದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ ಎಂದು ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿ, ಇದರದ್ದು ನೆನಪಾಗುತ್ತಿಲ್ಲ, ಇದರ ವಿರುದ್ಧದ್ದು ಗೊತ್ತು ಎಂದು ‘ಅಕಲ್‌ಖರಿಯಾ’ ಎಂದ. ಒಬ್ಬಂಟಿ. ಎರಡು ಪದಕ್ಕೂ ಗಂಟಲು ಕೆರೆಯಬೇಕು. ಬರೆದುಕೊಂಡೆ.

ಬಿಪುಲನ ಊರು ನಲಬಾರಿಯ ಹತ್ತಿರ. ಅಲ್ಲಿ ಹೆಂಡತಿ, ತಾಯಿ, ಮಗಳು ಮೊಯಿನಾ. ಅವನು ಊರು ಬಿಟ್ಟಾಗ ಮಗಳಿಗೆ ವರ್ಷ ತುಂಬಿತ್ತಷ್ಟೆ. ನನ್ನ ಮನೆಯ ಮಾಳಿಗೆಯ ಮೇಲೆ ಫೋನಿಗೆ ಸಿಗ್ನಲ್ ಚೆನ್ನಾಗಿ ಸಿಗುತ್ತಿದ್ದುದರಿಂದ ಆದಿತ್ಯವಾರ ಅಲ್ಲಿಂದಲೇ ವಿಡಿಯೋ ಕಾಲ್ ಮಾಡುತ್ತಿದ್ದ. ಆ ಹುಡುಗಿ ಅಜ್ಜಿಯ ಸೆರಗಿನ ಹಿಂದೆ ಅಡಗಿ, ಒಂದು ಕಣ್ಣು ಮಾತ್ರ ಹೊರಗಿಟ್ಟು ನೋಡುವಳು. ಒಂದು ದಿನ ಅವಳು ಏನೋ ಅಂದಳು, ಆ ಕಡೆ ಎಲ್ಲರೂ ನಕ್ಕರು, ಇವನು ನಗಲಿಲ್ಲ. ಕೆಳಗೆ ಬಂದಾಗ ಏನೆಂದಳು ಎಂದು ಕೇಳಿದೆ. ‘ಫೋನಿನ ಖುರಾ’ ಬಂದ ಎಂದಳಂತೆ. ಖುರಾ ಎಂದರೆ ನಮ್ಮ ಕಾಕಾ. ಹೆತ್ತಪ್ಪ ಅವಳಿಗೆ ಫೋನಿನೊಳಗಿನ ಕಾಕಾ ಆಗಿದ್ದ. ಇದನ್ನು ನಾನು ಹೆಂಕನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡ ಎಂದು ಆಮೇಲೆ ಗೊತ್ತಾಯಿತು.

ಈಗ ಒಂದು ಹಳೆಯ ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ನಾನು ನೆಪ ಹುಡುಕುತ್ತೇನೆ. ನಮ್ಮ ಕಡೆ ಮೊದಲ ಸಲದ ಬ್ಯಾಡಕ್ಕೆ ಬೆಲೆಯಿಲ್ಲ. ಬಂದವರಿಗೆ ಊಟಕ್ಕೆ ಏಳಿ ಎಂದರೆ ಈಗಷ್ಟೇ ಆಗೈತ್ರಿ ಎನ್ನುತ್ತಾರೆ. ಮತ್ತೆ ಕೇಳಬೇಕು, ಮೂರನೆಯ ಸಲಕ್ಕೆ ಕೈ ತೊಳೆಯಲು ಏಳುತ್ತಾರೆ, ಆಮೇಲೆ ನಾಲ್ಕು ರೊಟ್ಟಿ ಹೋಗುತ್ತವೆ. ಒಂದೇ ಸಲ ಕೇಳಿ ಬಿಟ್ಟವನನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಅಸ್ಸಾಮಿನಲ್ಲೂ ಹಾಗೆಯೇ ಎಂದು ಬಿಪುಲ ಹೇಳಿದ. ಹೆಂಕನದು ಹಾಗಲ್ಲ. ಪಾಲಿಹೌಸಿನಲ್ಲಿ ಒಮ್ಮೆ ಹಸಿದು ಕೂತಿದ್ದ ಬಿಪುಲನ ಮುಂದೆ ಹೆಂಕ್ ಬ್ರೆಡ್ಡಿನ ಪೊಟ್ಟಣ ಹಿಡಿದ. ಬಿಪುಲ ಸಂಕೋಚದಿಂದ ಬೇಡವೆಂದು ತಲೆಯಾಡಿಸಿದ. ಹೆಂಕ್ ಪೊಟ್ಟಣ ಮಡಿಸಿ ಚೀಲದಲ್ಲಿಟ್ಟುಕೊಂಡ. ಬೇಡ ಎಂದ ಮೇಲೆ ಮತ್ತೆ ಕೇಳುವುದು ಅವನನ್ನು ಸುಳ್ಳುಗಾರ ಎಂದಂತಲ್ಲವೇ ಎಂದು ನನ್ನನ್ನೇ ಕೇಳಿದ. ನಾನು ಇಬ್ಬರಿಗೂ ಬಿಡಿಸಿ ಹೇಳಿದೆ, ಮೂವರೂ ನಕ್ಕೆವು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ, ಕೆಳಗೆ ಗೆರೆ ಎಳೆದೆ. ಅಂದರೆ ನನಗೆ ಗೊತ್ತಿತ್ತು.

ಹೆಂಕ್ ಹೊರಡಲು ಎರಡು ವಾರ ಉಳಿದಿತ್ತು. ಬಿಪುಲ ಒಳಗೆ ಚಹಾ ಮಾಡುತ್ತಿದ್ದ. ಹೆಂಕ್ ನನ್ನ ಕಡೆ ಬಾಗಿ ಇಂಗ್ಲಿಷಿನಲ್ಲಿ ಹೇಳಿದ: ಗುವಾಹಾಟಿಯ ಹತ್ತಿರ ಒಂದು ದೊಡ್ಡ ಪಾಲಿಹೌಸ್ ಏಳುತ್ತಿದೆ, ಹೂವು ಬಲ್ಲ ಒಬ್ಬ ಮುಖ್ಯಸ್ಥ ಬೇಕು, ಮನೆಗೆ ಹತ್ತಿರವಾಗುತ್ತದೆ, ಇವನು ಹೋಗುತ್ತಾನೆಯೇ ಕೇಳು. ಅಷ್ಟರಲ್ಲಿ ಬಿಪುಲ ಮೂರು ಲೋಟ ಹಿಡಿದು ಹೊರಬಂದ. ಹೆಂಕ್ ಕೇಳು ಎಂಬಂತೆ ನನಗೆ ಕಣ್ಸನ್ನೆ ಮಾಡಿದ. ಬಿಪುಲ ಲೋಟ ಇಟ್ಟು ನನ್ನ ಬಾಯನ್ನೇ ನೋಡುತ್ತ ನಿಂತ.

ನಾನು ಆ ಒಂದು ಗಳಿಗೆಯಲ್ಲಿ ನೋಡಿದ್ದು ಮೊಯಿನಾಳ ಮುಖವನ್ನಲ್ಲ. ಖಾಲಿ ಪಡಸಾಲೆಯನ್ನು ನೋಡಿದೆ. ಹೆಂಕ್ ಹೋಗುವುದು ಇದ್ದದ್ದೇ. ಇವನೂ ಹೋದರೆ ಮತ್ತೆ ಆ ಬದನೆಕಾಯಿಯವಳ ಮುಂದೆ ಗಂಟಲು ಸರಿಮಾಡಿಕೊಳ್ಳುವ ದಿನಗಳು. ನಾನು ಬಿಪುಲನಿಗೆ ಹಿಂದಿಯಲ್ಲಿ, ನಿನಗೆ ಇಲ್ಲಿ ಕೆಲಸ ಹಿಡಿಸಿದೆಯೇ ಎಂದು ಸಾಹೇಬರು ಕೇಳುತ್ತಿದ್ದಾರೆ ಎಂದೆ. ಅವನು ಹೆಂಕನ ಕಡೆ ತಿರುಗಿ, ಎದೆಯ ಮೇಲೆ ಕೈಯಿಟ್ಟು, ನಗುತ್ತ, ಬಹಳ ಚೆನ್ನಾಗಿದೆ ಎಂದ. ನಾನು ಹೆಂಕನಿಗೆ, ಅವನಿಗೆ ಇಲ್ಲೇ ಹಿತವಾಗಿದೆಯಂತೆ, ಹೋಗುವುದಿಲ್ಲವಂತೆ ಎಂದೆ.

ನಾಳೆ ಮತ್ತೆ ಕೇಳುತ್ತಾನೆ, ಆಗ ಸರಿಯಾಗಿ ಹೇಳಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ನಮ್ಮ ಕಡೆಯ ಯಾವ ಮನುಷ್ಯನೇ ಆಗಲಿ ಮತ್ತೆ ಕೇಳುತ್ತಿದ್ದ. ಹೆಂಕ್ ‘ಖೂತ್’ ಎಂದು ಲೋಟ ಎತ್ತಿಕೊಂಡ. ಮರುದಿನ ಅವನು ಕೇಳಲಿಲ್ಲ. ಮೂರನೆಯ ದಿನ ನಾನೇ ಸುತ್ತಿ ಬಳಸಿ ಆ ಗುವಾಹಾಟಿಯ ಮಾತು ತೆಗೆದೆ. ಅದು ಮುಗಿಯಿತು, ಪುಣೆಯ ಒಬ್ಬನನ್ನು ಗೊತ್ತು ಮಾಡಿದೆ ಎಂದ. ಆಗಲೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಹದಿಮೂರು ಪುಟ ಭಾಷೆ ಕಲಿತವನಿಗೆ ಒಂದು ವಾಕ್ಯ ಬರಲಿಲ್ಲ.

ಹೆಂಕ್ ಹೋದ. ಬಿಪುಲ ಉಳಿದ. ನಾನು ಬಯಸಿದ್ದು ಅದೇ ತಾನೇ? ಅವನು ಆದಿತ್ಯವಾರ ಬಂದು ಮಾಳಿಗೆಗೆ ಹೋಗಿ ಫೋನು ಮಾಡಿ ಇಳಿದು ಬರುವನು, ಅವನ ಮುಖ ನೋಡಲು ನನ್ನಿಂದ ಆಗದು. ತಲೆನೋವು ಎಂದೆ, ಚಿಕ್ಕೋಡಿಗೆ ಹೋಗುವುದಿದೆ ಎಂದೆ, ಒಮ್ಮೆ ಮನೆಯಲ್ಲಿದ್ದುಕೊಂಡೇ ಒಳಗಿನಿಂದ ಅಗಳಿ ಹಾಕಿಕೊಂಡು ಉಸಿರು ಬಿಗಿಹಿಡಿದು ಕೂತೆ. ಅವನು ಹೊರಗೆ ಸ್ವಲ್ಪ ಹೊತ್ತು ನಿಂತು, ಚಪ್ಪಲಿ ಮೆಟ್ಟಿ ಇಳಿದು ಹೋದ ಸದ್ದು ಕೇಳಿತು. ನಾಲ್ಕಾರು ವಾರ ಹೀಗಾದ ಮೇಲೆ ಬರುವುದನ್ನು ಬಿಟ್ಟ. ಜೊತೆಗಿರಲಿ ಎಂದು ಒಬ್ಬನನ್ನು ಅವನ ಮಗಳಿಂದ ಹಿಡಿದಿಟ್ಟೆ, ಆಮೇಲೆ ಅವನಿಗೆ ಬಾಗಿಲು ಹಾಕಿದೆ. ಇಂಥ ಬುದ್ಧಿವಂತಿಕೆ ನನ್ನ ಹೆಂಡತಿ ಇದ್ದಿದ್ದರೆ ನಡೆಯುತ್ತಿರಲಿಲ್ಲ. ಮೂರು ಭಾಷೆ ಬಲ್ಲೆ ಎಂದು ಮೆರೀತಿಯಲ್ಲ, ಒಂದರಾಗರ ಖರೇ ಮಾತಾಡು ಎನ್ನುತ್ತಿದ್ದಳು.

ಅದೇ ಮಾತು ಹೋದ ಸೋಮವಾರ ಗ್ಯಾಸ್ ಒಲೆಯ ಮುಂದೆ ನಿಂತಾಗ ಕಿವಿಗೆ ಬಂತು. ಚಹಾ ಆರಿ ಹೋಯಿತು. ಕುಡಿಯದೆ ಹೆಂಕನಿಗೆ ಫೋನು ಹಚ್ಚಿದೆ. ಎತ್ತಿದ. ಕುಶಲ, ಹವಾ, ಮೊಣಕಾಲು ಯಾವುದನ್ನೂ ಮುಂದಿಡದೆ ಹೇಳಿದೆ: ಆ ದಿನ ಬಿಪುಲ ಇಲ್ಲ ಎನ್ನಲಿಲ್ಲ, ನಾನು ಅವನನ್ನು ಕೇಳಲೇ ಇಲ್ಲ. ನೀನು ಮಾಡಿದ್ದು ತುಂಬಾ ಕೆಟ್ಟ ಕೆಲಸ ಎಂದ ಹೆಂಕ್. ನಮ್ಮವರಾಗಿದ್ದರೆ ಹೋಗಲಿ ಬಿಡ್ರಿ ಸರ್, ಆಗತೈತಿ ಎನ್ನುತ್ತಿದ್ದರು. ಅವನು ಅನ್ನಲಿಲ್ಲ. ಗುವಾಹಾಟಿಯವರನ್ನು ಕೇಳಿ ನೋಡುತ್ತೇನೆ, ಮಾತು ಕೊಡಲಾರೆ ಎಂದು ಫೋನು ಇಟ್ಟ. ಬುಧವಾರ ಬೆಳಿಗ್ಗೆ ಎರಡು ಸಾಲಿನ ಸಂದೇಶ ಬಂತು. ಅಲ್ಲಿ ಏಳುತ್ತಿರುವ ಎರಡನೆಯ ಪಾಲಿಹೌಸಿಗೆ ಜನ ಬೇಕಾಗಿದ್ದಾರೆ. ಈ ಸಲ ನಿಜವಾಗಿ ಕೇಳು.

ಅಕ್ಕೋಳದ ಬಸ್ಸು ಹಿಡಿದೆ. ಪಾಲಿಹೌಸಿನೊಳಗೆ ಬಿಪುಲ ಹೂವು ತೆಗೆಯುತ್ತಿದ್ದ. ಜರ್ಬೆರಾವನ್ನು ಕತ್ತರಿಸುವುದಿಲ್ಲ, ದೇಟನ್ನು ಬುಡದಲ್ಲಿ ಹಿಡಿದು ತಿರುಚಿ ಜಗ್ಗಿ ತೆಗೆಯುತ್ತಾರೆ; ಎಡಗೈಯಲ್ಲಿ ಹತ್ತು ಹನ್ನೆರಡು ಸೇರಿದ ಮೇಲೆ ನೀರಿನ ಬಕೀಟಿಗೆ ಇಡುತ್ತಾರೆ. ನನ್ನನ್ನು ನೋಡಿ ಅವನು ನಕ್ಕ, ತೆಳ್ಳಗಾಗಿದ್ದ, ಈ ಎರಡು ವರ್ಷದಲ್ಲಿ ಕನ್ನಡ ಕಲಿತಿದ್ದ. ಸರ್, ಆರಾಮ ಅದೀರೇನ್ರಿ ಎಂದು ಕೇಳಿದ. ದಾರಿಯುದ್ದಕ್ಕೂ ನಾನು ಒಂದು ಲೆಕ್ಕಾಚಾರದಲ್ಲೇ ಬಂದಿದ್ದೆ: ಇವನು ಸಂಕೋಚದ ಮನುಷ್ಯ, ಮೊದಲು ಬೇಡ ಎನ್ನುತ್ತಾನೆ, ನಾನು ಬಿಡದೆ ಮೂರು ಸಲ ಕೇಳಬೇಕು.

“ಗುವಾಹಾಟಿ ಹತ್ರ ಪಾಲಿಹೌಸಿನಾಗ ಕೆಲಸ ಐತಿ. ನೀ ಅಲ್ಲಿಗೆ...”

“ಹೊಕ್ಕೀನ್ರಿ ಸರ್.”

ನನ್ನ ಮಾತು ಮುಗಿದಿರಲಿಲ್ಲ. ಅವನು ಉಸಿರನ್ನೂ ತೆಗೆದುಕೊಂಡಿರಲಿಲ್ಲ. ಎರಡು ವರ್ಷದ ಹಿಂದೆಯೂ ಹೀಗೆಯೇ ಹೇಳುತ್ತಿದ್ದ. ಒಂದು ಸಲ ಕೇಳಿದ್ದರೆ ಸಾಕಿತ್ತು. ಅಲ್ಲಿಗೆ ನಿಲ್ಲಿಸಿ, ಬೆನ್ನು ತಟ್ಟಿಸಿಕೊಂಡು ಬಂದುಬಿಡಬಹುದಿತ್ತು, ಆ ಆಸೆಯೂ ಒಂದು ಕ್ಷಣ ಬಂತು. ಆದರೆ ಹೇಳಿದೆ. ಆ ಸಂಜೆ ಹೆಂಕ್ ಏನು ಕೇಳಿದ್ದ, ನಾನು ನಿನ್ನ ಕಡೆಯಿಂದ ಏನು ಹೇಳಿದೆ, ಯಾಕೆ ಹೇಳಿದೆ, ಎಲ್ಲ ಹೇಳಿದೆ. ಕನ್ನಡದಲ್ಲೇ ಹೇಳಿದೆ.

ಅವನು ಕೈಯಲ್ಲಿದ್ದ ಹೂವುಗಳನ್ನು ಒಂದೊಂದಾಗಿ ಬಕೀಟಿಗೆ ಇಟ್ಟ. ಕೈ ಖಾಲಿಯಾಯಿತು.

“ಆವಾಗ ಆಕಿಗೆ ಮೂರ್ ವರ್ಷ ಇತ್ರಿ ಸರ್” ಎಂದ.

ಯಾವ ದಿನ ಹೋಗಬೇಕು ಎಂದು ಕೇಳಿದ, ಹೇಳಿದೆ. ಬಾಳಾಸಾಹೇಬರಿಗೆ ತಾನೇ ತಿಳಿಸುತ್ತೇನೆ ಎಂದ. ಆಮೇಲೆ ಮುಂದಿನ ಸಾಲಿಗೆ ಹೋಗಿ ಬಾಗಿದ. ನಾನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಹಿಂದೆಲ್ಲ ನಾನು ಅಕ್ಕೋಳಕ್ಕೆ ಬಂದರೆ ಬಸ್ಸು ಹತ್ತಿಸುವವರೆಗೂ ಜೊತೆಗೆ ಬರುತ್ತಿದ್ದ. ಆ ದಿನ ಒಬ್ಬನೇ ನಡೆದು ಹೋಗಿ ಬಸ್ಸಿಗೆ ಕಾದೆ.

ನಿನ್ನೆ ಅವನು ಮಿರಜದಲ್ಲಿ ರೈಲು ಹತ್ತಿದ ಎಂದು ಬಾಳಾಸಾಹೇಬ ಫೋನು ಮಾಡಿ ಹೇಳಿದ. ಬಿಪುಲನಿಂದ ನನಗೆ ಫೋನು ಬರಲಿಲ್ಲ. ಇಂದು ಮಧ್ಯಾಹ್ನದಿಂದ ಪಡಸಾಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಬೆಳಗಿನಿಂದ ಯಾರೊಡನೆಯೂ ಮಾತಾಡಿಲ್ಲ. ಅವನು ನನ್ನನ್ನು ಕ್ಷಮಿಸಿದ ಎಂದು ಬರೆದು ಮುಗಿಸುವ ಆಸೆ ಬಹಳ ಇದೆ. ಓದುವ ನಿಮಗೂ ಹಿತವಾಗುತ್ತಿತ್ತು, ಬರೆಯಲು ನನಗೇನೂ ಕಷ್ಟವಿರಲಿಲ್ಲ. ಆದರೆ ಅವನು ಹಾಗೆ ಹೇಳಲಿಲ್ಲ. ಅವನ ಪರವಾಗಿ ನಾನು ಇನ್ನು ಉತ್ತರ ಹೇಳುವುದಿಲ್ಲ.